ಗುಂಟೆಗೊಂದು ಚುಕ್ಕಿ: ಉಪಗ್ರಹ ಚಿತ್ರಗಳ ವ್ಯಾಪಾರ ಮತ್ತು ನಮ್ಮ ಹೊಲ

(ಬೆಂಗಳೂರಿನ ಬಸವನಗುಡಿಯಲ್ಲಿ ಆಡಿದ ಮಾತುಗಳ ಬರಹ ರೂಪ)

ಒಂದು ಅಳತೆಯಿಂದ ಶುರು ಮಾಡುತ್ತೇನೆ. ನಿಮ್ಮಲ್ಲಿ ಹಳ್ಳಿ ಕಡೆಯವರಿಗೆ ಗುಂಟೆ ಅಂದರೆ ಎಷ್ಟು ಅಂತ ಹೇಳಬೇಕಾಗಿಲ್ಲ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ. ನಲವತ್ತು ಗುಂಟೆ ಸೇರಿದರೆ ಒಂದು ಎಕರೆ. ಈಗ ಆ ಮೂವತ್ತಮೂರು ಅಡಿಯನ್ನು ಮೀಟರಿಗೆ ತಿರುಗಿಸಿ ನೋಡಿ, 10.06 ಮೀಟರ್ ಬರುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹ ತೆಗೆಯುವ ಚಿತ್ರದ ಒಂದು ಪಿಕ್ಸೆಲ್, ಅಂದರೆ ಒಂದು ಚುಕ್ಕಿ, ನೆಲದ ಮೇಲೆ ಹತ್ತು ಮೀಟರಿಗೆ ಹತ್ತು ಮೀಟರ್. ಹೆಚ್ಚು ಕಡಿಮೆ ಸರಿಯಾಗಿ ಗುಂಟೆಗೊಂದು ಚುಕ್ಕಿ. ನಮ್ಮ ಗುಂಟೆಯನ್ನು ನೋಡಿ ಅವರು ಕ್ಯಾಮೆರಾ ಮಾಡಲಿಲ್ಲ, ಅದು ತಾನಾಗಿ ಕೂಡಿ ಬಂದದ್ದು. ಆದರೆ ಇಂಥ ಚಿತ್ರಗಳಿಂದ ಬೆಳೆಯ ನಕ್ಷೆ ಮಾಡುವ ನನಗೆ ಈ ಹೋಲಿಕೆ ತುಂಬಾ ಕೆಲಸಕ್ಕೆ ಬಂದಿದೆ. ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿಲೋಮೀಟರ್. ಗುಂಟೆ ಲೆಕ್ಕದಲ್ಲಿ ಸುಮಾರು 190 ಕೋಟಿ. ಮೋಡ ಅಡ್ಡ ಬರದಿದ್ದರೆ ಐದು ದಿನಕ್ಕೊಮ್ಮೆ ಈ 190 ಕೋಟಿ ಗುಂಟೆಗಳ ಹೊಸ ಚಿತ್ರ ಸಿಗುತ್ತದೆ. ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ.

ಪುಕ್ಕಟೆ ಸಿಗುವ ವಸ್ತುವಿನ ಮೇಲೆ ವ್ಯಾಪಾರ ಹೇಗೆ ನಡೆಯುತ್ತದೆ? ಅದರಲ್ಲಿ ದುಡ್ಡು ಮಾಡುವವರು ಯಾರು? ಇವತ್ತು ಅದನ್ನೇ ಮಾತಾಡೋಣ.

ಹಿಂದಿನ ಕಥೆ ನಮ್ಮಲ್ಲಿ ತೆಂಗಿನ ಮರದಿಂದ ಶುರುವಾಯಿತು. 1970ರ ಸುಮಾರಿಗೆ ಕೇರಳದಲ್ಲಿ ತೆಂಗಿಗೆ ಬೇರು ಸೊರಗು ರೋಗ ಹಬ್ಬಿತ್ತು. ವಿಜ್ಞಾನಿ ಪಿ.ಆರ್. ಪಿಶರೋಟಿ ಅವರ ತಂಡ ಹೆಲಿಕಾಪ್ಟರಿನಲ್ಲಿ ಹೋಗಿ, ಅವಗೆಂಪು ಬೆಳಕನ್ನು ಹಿಡಿಯುವ ಫಿಲ್ಮಿನಲ್ಲಿ ತೋಟಗಳ ಚಿತ್ರ ತೆಗೆಯಿತು. ರೋಗ ಹಿಡಿದ ಮರ, ಗಟ್ಟಿ ಮರ ಬೇರೆ ಬೇರೆಯಾಗಿ ಕಂಡವು. ಕಾರಣ ಸರಳ. ಆರೋಗ್ಯವಾಗಿರುವ ಎಲೆ ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ, ನಮ್ಮ ಕಣ್ಣಿಗೆ ಕಾಣದ ಅವಗೆಂಪನ್ನು ಜೋರಾಗಿ ವಾಪಸ್ ಕಳಿಸುತ್ತದೆ. ಎಲೆ ಸೊರಗಿದರೆ ಈ ಎರಡರ ನಡುವಿನ ಅಂತರ ಕಡಿಮೆಯಾಗುತ್ತದೆ. ಇವತ್ತಿಗೂ ಬೆಳೆ ನೋಡುವ ಉಪಗ್ರಹಗಳೆಲ್ಲ ಮುಖ್ಯವಾಗಿ ಇದನ್ನೇ ಅಳೆಯುತ್ತವೆ. ಆದ್ದರಿಂದ ಚಿತ್ರ ಅನ್ನುವ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಒಂದೊಂದು ಚುಕ್ಕಿಯೂ ಒಂದು ಅಳತೆ, ಆಸ್ಪತ್ರೆಯಲ್ಲಿ ಜ್ವರ ನೋಡಿ ಬರೆದುಕೊಂಡ ಅಂಕಿಯ ಹಾಗೆ.

ಅಮೆರಿಕ 1972ರ ಜುಲೈನಲ್ಲಿ ನೆಲದ ಚಿತ್ರ ತೆಗೆಯುವ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿಸಿತು. ಎಂಬತ್ತರ ದಶಕದಲ್ಲಿ ಅವರಿಗೆ ಒಂದು ಯೋಚನೆ ಬಂತು, ಇದನ್ನು ಖಾಸಗಿಯವರಿಗೆ ವಹಿಸಿದರೆ ವ್ಯಾಪಾರವಾಗುತ್ತದೆ ಅಂತ. ವಹಿಸಿದರು. ಒಂದು ಚಿತ್ರದ ಬೆಲೆ ನಾಲ್ಕು ಸಾವಿರ ಡಾಲರ್ ದಾಟಿತು. ಆಗ ಏನಾಯಿತೆಂದರೆ ವಿಶ್ವವಿದ್ಯಾಲಯಗಳು ಕೊಳ್ಳುವುದನ್ನು ನಿಲ್ಲಿಸಿದವು, ಬಡ ದೇಶಗಳಂತೂ ಆ ಕಡೆ ತಿರುಗಿ ನೋಡಲಿಲ್ಲ. ಕೊನೆಗೆ ಸರ್ಕಾರವೇ ವಾಪಸ್ ತೆಗೆದುಕೊಂಡು ಬೆಲೆಯನ್ನು 600 ಡಾಲರಿಗೆ ಇಳಿಸಿತು. ಆಗಲೂ ಅತಿ ಹೆಚ್ಚು ಮಾರಾಟವಾದ ವರ್ಷದಲ್ಲಿ ಹೋದದ್ದು ಸುಮಾರು 25 ಸಾವಿರ ಚಿತ್ರ. 2008ರಲ್ಲಿ ಎಲ್ಲವನ್ನೂ ಪುಕ್ಕಟೆ ಮಾಡಿದರು. ಒಂದೇ ವರ್ಷದಲ್ಲಿ ಹತ್ತು ಲಕ್ಷ ದಾಟಿತು. ಈ ಉದ್ಯಮದ ಬಗ್ಗೆ ನನಗೆ ಗೊತ್ತಿರುವ ಅತಿ ದೊಡ್ಡ ಪಾಠ ಇದು.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಬೆಂಗಳೂರಿನಲ್ಲಿ ಕೂತು ಈ ಮಾತು ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ. ಧರ್ಮಾಂಬುಧಿ ಕೆರೆ ಇದ್ದ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು. ಅದಕ್ಕೆ ಉಪಗ್ರಹದ ಸಾಕ್ಷಿ ಇಲ್ಲ, ಯಾಕೆಂದರೆ ಅದು ಲ್ಯಾಂಡ್‌ಸ್ಯಾಟಿಗಿಂತ ಹಿಂದಿನದು. ಆದರೆ 1972ರ ನಂತರ ಈ ಊರಿನ ದೊಡ್ಡ ಕೆರೆಗಳಿಗೆ ಏನೇನಾಯಿತೋ ಅದೆಲ್ಲ ದಾಖಲಾಗಿ ಕೂತಿದೆ. ಬೆಳ್ಳಂದೂರಿನ ಸುತ್ತ ಗದ್ದೆ, ಜೌಗು ಇದ್ದದ್ದು, ಅದು ವರ್ಷ ವರ್ಷ ಸವೆದದ್ದು, ರಾಜಕಾಲುವೆಯ ಅಂಚಿಗೆ ಕಟ್ಟಡ ಬಂದದ್ದು, ಎಲ್ಲವೂ. 2022ರ ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ ಮುಳುಗಿ, ಬಡಾವಣೆಗಳಲ್ಲಿ ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದಾಗ ಎಲ್ಲರೂ ಹಳೆಯ ಚಿತ್ರ ಹುಡುಕಿದರು. 1973ರಲ್ಲಿ ಬೆಳ್ಳಂದೂರಿನ ಚಿತ್ರಕ್ಕೆ ಯಾರಾದರೂ ದುಡ್ಡು ಕೊಡುತ್ತಿದ್ದರೇ? ಯಾರೂ ಕೊಡುತ್ತಿರಲಿಲ್ಲ. ಅದರ ಬೆಲೆ ಗೊತ್ತಾಗುವುದಕ್ಕೆ ಐವತ್ತು ವರ್ಷ ಬೇಕಾಯಿತು. ಅದಕ್ಕೇ ಒಂದಷ್ಟು ಉಪಗ್ರಹಗಳನ್ನು ಸರ್ಕಾರವೇ ಹಾರಿಸಿ, ಎಲ್ಲರಿಗೂ ಬಿಟ್ಟುಕೊಡಬೇಕು ಅಂತ ನಾನು ಹಟ ಹಿಡಿಯುವುದು.

ಸರಿ, ನಮ್ಮ ಕಥೆಗೆ ಬರೋಣ. ಇಲ್ಲೇ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನೇರ ಪೀಣ್ಯಕ್ಕೆ ಹೋಗಿ ಇಳಿಯಬಹುದು. ಆ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಉಡುಪಿ ಹತ್ತಿರದ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ ದೇಶದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು, 1975ರ ಏಪ್ರಿಲ್ 19ರಂದು ಹಾರಿತು. ನಾಲ್ಕು ವರ್ಷಕ್ಕೆ ನೆಲ ನೋಡುವ ಭಾಸ್ಕರ-1. 1988ರ ಮಾರ್ಚಿನಲ್ಲಿ ಐಆರ್‌ಎಸ್-1ಎ. ಅದರ ಒಂದು ಕ್ಯಾಮೆರಾದ ಚುಕ್ಕಿ 72.5 ಮೀಟರ್, ಅಂದರೆ ಸುಮಾರು ಒಂದೂಕಾಲು ಎಕರೆ ಒಂದೇ ಚುಕ್ಕಿ. ಏಳೇ ವರ್ಷದಲ್ಲಿ, 1995ರ ಡಿಸೆಂಬರಿನಲ್ಲಿ, ಐಆರ್‌ಎಸ್-1ಸಿ 5.8 ಮೀಟರಿನ ಚಿತ್ರ ಕೊಟ್ಟಿತು. ಆ ಹೊತ್ತಿಗೆ ನಾಗರಿಕ ಉಪಗ್ರಹಗಳಲ್ಲಿ ಅಷ್ಟು ಸೂಕ್ಷ್ಮವಾಗಿ ನೋಡುವುದು ಬೇರೊಂದಿರಲಿಲ್ಲ. ಅಮೆರಿಕದ ಕಂಪನಿಯೇ ಇಸ್ರೊದ ವ್ಯಾಪಾರ ಸಂಸ್ಥೆಯಾದ ನಮ್ಮ ಆಂಟ್ರಿಕ್ಸ್ ಜೊತೆ ಒಪ್ಪಂದ ಮಾಡಿಕೊಂಡು ನಮ್ಮ ಚಿತ್ರಗಳನ್ನು ಹೊರಗೆ ಮಾರುತ್ತಿತ್ತು. ಯೋಚಿಸಿ, ಬೆಂಗಳೂರಿನಲ್ಲಿ ಕಟ್ಟಿದ ಉಪಗ್ರಹದ ಚಿತ್ರವನ್ನು ಅಮೆರಿಕದವರು ದುಡ್ಡು ಕೊಟ್ಟು ಕೊಳ್ಳುತ್ತಿದ್ದ ಕಾಲ.

1999ರಲ್ಲಿ ಅಮೆರಿಕದ ಖಾಸಗಿ ಉಪಗ್ರಹ ಐಕೊನಾಸ್ ಒಂದು ಮೀಟರಿನ ಚಿತ್ರ ತಂದಿತು. ಆಟ ಬದಲಾಯಿತು. ನಮ್ಮಲ್ಲಿ 2001ರ ನೀತಿ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳಿಗೆ ಅನುಮತಿಯ ಬೇಲಿ ಹಾಕಿತು, 2011ರಲ್ಲಿ ಬೇಲಿ ಒಂದು ಮೀಟರಿಗೆ ಸರಿಯಿತು. ಭದ್ರತೆಯ ಕಾರಣ ಇತ್ತು, ಒಪ್ಪುತ್ತೇನೆ. ಆದರೆ ಅದೇ ಹೊತ್ತಿಗೆ ಯಾರ ಫೋನಿನಲ್ಲಾದರೂ ನಮ್ಮ ಬೀದಿಯ ಚಿತ್ರ ಹೊರಗಿನ ಕಂಪನಿಯ ಕೃಪೆಯಿಂದ ಕಾಣುತ್ತಿತ್ತು. ನಮ್ಮ ಇಸ್ರೊದ ಕಾರ್ಟೊಸ್ಯಾಟ್ ಉಪಗ್ರಹದ ಚಿತ್ರ ಬೇಕೆಂದರೆ ನಾವು ಅರ್ಜಿ ಹಾಕಿ ಕಾಯುತ್ತಿದ್ದೆವು. ಆ ಹತ್ತು ಹದಿನೈದು ವರ್ಷದಲ್ಲಿ ನಮ್ಮಲ್ಲಿ ಹುಟ್ಟಬೇಕಿದ್ದ ಕಂಪನಿಗಳು ಹುಟ್ಟಲಿಲ್ಲ. ನನ್ನ ವಯಸ್ಸಿನ ಎಷ್ಟೋ ಜನ ಒಳ್ಳೆಯ ಕೆಲಸಗಾರರು ಈ ವಿದ್ಯೆ ಬಿಟ್ಟು ಸಾಫ್ಟ್‌ವೇರಿಗೆ ಹೋದರು. ಅದು ನನಗೆ ಇವತ್ತಿಗೂ ಬೇಸರದ ಸಂಗತಿ. 2021ರ ಫೆಬ್ರುವರಿಯಲ್ಲಿ ನಕ್ಷೆಗಳ ನಿಯಮ ಸಡಿಲವಾಯಿತು. 2023ರ ಬಾಹ್ಯಾಕಾಶ ನೀತಿಯಲ್ಲಿ ಇಸ್ರೊದ ಐದು ಮೀಟರ್ ಮತ್ತು ಅದಕ್ಕಿಂತ ಒರಟಾದ ಚಿತ್ರಗಳು ಎಲ್ಲರಿಗೂ ಮುಕ್ತ ಅಂತಾಯಿತು. ತಡವಾದರೂ ಬಾಗಿಲು ತೆರೆಯಿತು.

ಈಗ ದುಡ್ಡಿನ ಮಾತು. ಜಗತ್ತಿನಲ್ಲಿ ಈ ಚಿತ್ರಗಳಿಗೆ ಅತಿ ಹೆಚ್ಚು ಹಣ ಕೊಡುವವರು ರೈತರಲ್ಲ, ಪರಿಸರದವರೂ ಅಲ್ಲ. ಸೇನೆ ಮತ್ತು ಬೇಹುಗಾರಿಕೆ ಇಲಾಖೆಗಳು. 2022ರ ಮೇ ತಿಂಗಳಿನಲ್ಲಿ ಅಮೆರಿಕದ ರಾಷ್ಟ್ರೀಯ ವಿಚಕ್ಷಣಾ ಸಂಸ್ಥೆ ಮ್ಯಾಕ್ಸಾರ್, ಪ್ಲಾನೆಟ್, ಬ್ಲ್ಯಾಕ್‌ಸ್ಕೈ ಅನ್ನುವ ಮೂರು ಕಂಪನಿಗಳಿಗೆ ಹತ್ತು ವರ್ಷದ ಗುತ್ತಿಗೆ ಕೊಟ್ಟಿತು. ಮ್ಯಾಕ್ಸಾರ್ ಒಂದಕ್ಕೇ 324 ಕೋಟಿ ಡಾಲರಿನವರೆಗೆ. ಇದಕ್ಕೆ ಎದುರಾಗಿ ಪ್ಲಾನೆಟ್ ಕಂಪನಿಯನ್ನು ನೋಡಿ. 2017ರ ಫೆಬ್ರುವರಿಯಲ್ಲಿ ನಮ್ಮ ಪಿಎಸ್‌ಎಲ್‌ವಿ ಒಂದೇ ಸಲ 104 ಉಪಗ್ರಹ ಹೊತ್ತೊಯ್ದಿತಲ್ಲ, ಅದರಲ್ಲಿ 88 ಪ್ಲಾನೆಟ್‌ನವು. ನೆಲವನ್ನೆಲ್ಲ ದಿನಾ ಒಂದು ಸಲ ಚಿತ್ರ ತೆಗೆಯುವುದು ಅವರ ಕನಸಾಗಿತ್ತು, ಅದನ್ನು ಮಾಡಿಯೂ ತೋರಿಸಿದರು. 2021ರಲ್ಲಿ ಷೇರು ಪೇಟೆಗೆ ಬಂದಾಗ ಕಂಪನಿಯ ಬೆಲೆ 280 ಕೋಟಿ ಡಾಲರ್ ಅಂತ ಕಟ್ಟಿದ್ದರು. 2025ರ ಜನವರಿಗೆ ಮುಗಿದ ವರ್ಷದ ಆದಾಯ ಸುಮಾರು 24 ಕೋಟಿ ಡಾಲರ್. ಜಗತ್ತನ್ನು ದಿನಾ ನೋಡುವ ಏಕೈಕ ಕಂಪನಿಯ ಕಥೆ ಇದು. ಅದಕ್ಕಿಂತ ಮುಂಚೆ ಜರ್ಮನಿಯ ರ‍್ಯಾಪಿಡ್‌ಐ ಅನ್ನುವ ಕಂಪನಿ ಕೃಷಿಗೆಂದೇ ಐದು ಉಪಗ್ರಹ ಹಾರಿಸಿತ್ತು, 2008ರಲ್ಲಿ. ಮೂರು ವರ್ಷಕ್ಕೆ ದಿವಾಳಿಯಾಯಿತು. ಉಪಗ್ರಹಗಳಲ್ಲಿ ದೋಷವಿರಲಿಲ್ಲ, ಅವು ಆಮೇಲೂ ವರ್ಷಗಟ್ಟಲೆ ಕೆಲಸ ಮಾಡಿದವು.

ಇನ್ನೊಂದು ಕಡೆ ಹೂಡಿಕೆದಾರರ ಗುಂಪು. ಕಚ್ಚಾ ತೈಲ ತುಂಬುವ ದೊಡ್ಡ ಟ್ಯಾಂಕುಗಳಿಗೆ ತೇಲುವ ಮುಚ್ಚಳ ಇರುತ್ತದೆ. ಎಣ್ಣೆ ಇಳಿದರೆ ಮುಚ್ಚಳವೂ ಇಳಿಯುತ್ತದೆ, ಆಗ ಟ್ಯಾಂಕಿನ ಗೋಡೆಯ ನೆರಳು ಒಳಗೆ ಹೆಚ್ಚು ಬೀಳುತ್ತದೆ. ಮೇಲಿಂದ ಆ ನೆರಳನ್ನು ಅಳೆದು ಒಂದು ದೇಶದ ಬಳಿ ಎಷ್ಟು ಎಣ್ಣೆ ಇದೆ ಅಂತ ಲೆಕ್ಕ ಹಾಕಿ ಮಾರುತ್ತಾರೆ. ಬುದ್ಧಿವಂತಿಕೆಯ ಕೆಲಸ. ಆದರೆ ಗಮನಿಸಿ, ಕೊಳ್ಳುವವನು ಚಿತ್ರ ಕೊಳ್ಳಲಿಲ್ಲ, ಒಂದು ಸಂಖ್ಯೆ ಕೊಂಡ.

ಸೇನೆಯೇ ಮುಖ್ಯ ಗಿರಾಕಿಯಾದರೆ ಆಗುವ ತೊಂದರೆಯನ್ನೂ ನೋಡಿದ್ದೇವೆ. 2025ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರ ತನ್ನ ವ್ಯವಸ್ಥೆಯ ಮೂಲಕ ಯುಕ್ರೇನಿಗೆ ಸಿಗುತ್ತಿದ್ದ ವಾಣಿಜ್ಯ ಚಿತ್ರಗಳನ್ನು ಕೆಲವು ದಿನ ತಡೆಹಿಡಿಯಿತು. ಅಂದಿನಿಂದ ಎಷ್ಟೋ ದೇಶಗಳಿಗೆ ಸ್ವಂತ ಕಣ್ಣು ಬೇಕು ಅಂತ ಇನ್ನಷ್ಟು ಅನ್ನಿಸಿದೆ. ನಮ್ಮಲ್ಲಿ ಅದಕ್ಕೂ ಮೊದಲೇ, 2024ರಲ್ಲಿ, 52 ವಿಚಕ್ಷಣಾ ಉಪಗ್ರಹಗಳ ಯೋಜನೆಗೆ ಒಪ್ಪಿಗೆ ಸಿಕ್ಕಿತ್ತು, ಅದರಲ್ಲಿ ಖಾಸಗಿಯವರ ಪಾಲು ದೊಡ್ಡದು. ಮುಂದಿನ ಹತ್ತು ವರ್ಷ ಈ ವ್ಯಾಪಾರ ಬೆಳೆಯುವುದು ಹೆಚ್ಚಾಗಿ ಈ ದಾರಿಯಲ್ಲೇ. ಇದರ ಬಗ್ಗೆ ಇಷ್ಟು ಸಾಕು. ನನ್ನ ಮನಸ್ಸಿರುವುದು ಹೊಲದ ಕಡೆ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಬೆಳೆ ವಿಮೆಗೆ ಸಂಬಂಧಿಸಿದ ಒಂದು ಕೆಲಸಕ್ಕೆ ನಕ್ಷೆ ಮಾಡುತ್ತಿದ್ದೆವು. ಯಾರಿಗೆ ಅನ್ನುವುದು ಬೇಡ. ನಾಗಮಂಗಲ ತಾಲ್ಲೂಕು, ಮಳೆಯಾಶ್ರಿತ ರಾಗಿ. ಅಕ್ಟೋಬರ್ ಮೊದಲ ವಾರದ ಚಿತ್ರದಲ್ಲಿ ಒಂದು ಹೋಬಳಿಯ ಹೊಲಗಳೆಲ್ಲ ಹಸಿರು. ಹಸಿರಿನ ಸೂಚ್ಯಂಕ, ಅಂದರೆ ಆಗಲೇ ಹೇಳಿದ ಕೆಂಪು ಮತ್ತು ಅವಗೆಂಪಿನ ಅಂತರದ ಲೆಕ್ಕ, ಚೆನ್ನಾಗಿತ್ತು. ಬೆಳೆ ಇದೆ ಅಂತ ಬರೆದೆವು. ಆಮೇಲೆ ಅನುಮಾನ ಬಂದು ನಾನೇ ಹೋದೆ. ಬದುವಿನ ಮೇಲೆ ನಿಂತು ನೋಡಿದರೆ ಎದೆ ಧಸಕ್ಕೆಂದಿತು. ರಾಗಿ ಒಂದು ತೆನೆ ಇಲ್ಲ. ಜುಲೈನಲ್ಲಿ ಬಿತ್ತಿದ್ದು ಮಳೆ ಇಲ್ಲದೆ ಹುಟ್ಟಲೇ ಇಲ್ಲ, ಆಮೇಲೆ ಹೊಯ್ದ ಮಳೆಗೆ ಸೊಂಟದೆತ್ತರ ಪಾರ್ಥೇನಿಯಂ ಬೆಳೆದು ನಿಂತಿತ್ತು. ಬಿಳಿ ಹೂವು ಬಿಟ್ಟಿತ್ತು. ಹೊಲದ ಯಜಮಾನರು ಹೇಳಿದರು, "ದನ ತಿನ್ನೋ ಹುಲ್ಲಾದ್ರೂ ಆಗಿದ್ರೆ ಬೇರೆ ಮಾತು ಸ್ವಾಮಿ. ಇದನ್ನ ದನಾನೂ ಮುಟ್ಟಲ್ಲ."

ಉಪಗ್ರಹ ಸುಳ್ಳು ಹೇಳಲಿಲ್ಲ. ಆ ಗುಂಟೆಯಲ್ಲಿ ಹಸಿರೆಲೆ ಇದೆ ಅಂದಿತ್ತು, ಇತ್ತು. ರಾಗಿ ಅಂತ ಹೆಸರಿಟ್ಟವರು ನಾವು. ನಕ್ಷೆ ತಿದ್ದಿದೆವು, ಆದರೆ ಹೋಗಿ ನೋಡದೆ ಇದ್ದಿದ್ದರೆ ಆ ರೈತರ ಪರಿಹಾರ ನಮ್ಮ ಕೈಯಿಂದ ತಪ್ಪುತ್ತಿತ್ತು. ಅಂದಿನಿಂದ ನಾನು ನೆಲಕ್ಕೆ ಹೋಗದೆ ಒಂದು ನಕ್ಷೆಗೂ ಸಹಿ ಹಾಕಿಲ್ಲ.

ಕಳೆ ಒಂದೇ ಅಲ್ಲ. ನಮ್ಮ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತದೆ, ಅವರೆ, ತೊಗರಿ, ಹುಚ್ಚೆಳ್ಳು. ಒಂದು ಗುಂಟೆಯ ಚುಕ್ಕಿಯೊಳಗೆ ಮೂರು ಬೆಳೆ ಕಲಸಿಕೊಂಡಿರುತ್ತದೆ. ಸಾವಿರಾರು ಎಕರೆ ಒಂದೇ ಮುಸುಕಿನ ಜೋಳ ಬೆಳೆಯುವ ಅಮೆರಿಕದ ಅಯೋವಾದಲ್ಲಿ ಕಲಿತ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಜೊತೆಗೆ ಮುಂಗಾರಿನ ಮೋಡ. ಬೆಳೆ ಬೆಳೆಯುವ ತಿಂಗಳುಗಳಲ್ಲೇ ಮಾಮೂಲಿ ಕ್ಯಾಮೆರಾ ಕುರುಡು.

ಮೋಡಕ್ಕೆ ಉತ್ತರ ರೇಡಾರ್. ಅದು ತಾನೇ ಸೂಕ್ಷ್ಮ ತರಂಗ ಕಳಿಸಿ ವಾಪಸ್ ಬಂದದ್ದನ್ನು ಹಿಡಿಯುತ್ತದೆ, ಆ ತರಂಗಕ್ಕೆ ಮೋಡ ಅಡ್ಡವಾಗುವುದಿಲ್ಲ, ಹಗಲು ರಾತ್ರಿ ಅಂತಿಲ್ಲ. ಮಂಡ್ಯದ ಗದ್ದೆಯನ್ನು ರೇಡಾರಿನಲ್ಲಿ ನೋಡಬೇಕು ನೀವು. ನಾಟಿಗೆ ನೀರು ಕಟ್ಟಿದಾಗ ಗದ್ದೆ ಕಪ್ಪು, ಯಾಕೆಂದರೆ ನಿಂತ ನೀರು ಕನ್ನಡಿಯ ಹಾಗೆ ತರಂಗವನ್ನು ಆಚೆ ಕಡೆಗೆ ಜಾರಿಸಿಬಿಡುತ್ತದೆ. ಪೈರು ಮೇಲೆದ್ದಂತೆ ವಾರ ವಾರಕ್ಕೂ ಬೆಳ್ಳಗಾಗುತ್ತಾ ಬರುತ್ತದೆ. ಯಾವ ನಾಲೆಗೆ ಯಾವ ದಿನ ನೀರು ಬಂತು, ಕೊನೆಯ ಊರಿಗೆ ಎಷ್ಟು ದಿನ ತಡವಾಗಿ ಬಂತು ಅನ್ನುವುದು ಆ ಕಪ್ಪು ಬಣ್ಣ ಹರಡುವ ಕ್ರಮದಲ್ಲೇ ಓದಲು ಸಿಗುತ್ತದೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಿಸಾರ್, ಇಸ್ರೊ ಮತ್ತು ನಾಸಾ ಸೇರಿ ಮಾಡಿದ್ದು, ಹನ್ನೆರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಬರುವ ರೇಡಾರ್ ಉಪಗ್ರಹ. ಅದರ ದತ್ತಾಂಶವೂ ಎಲ್ಲರಿಗೂ ಮುಕ್ತ. ಅಲ್ಲಿಗೆ ಮತ್ತೆ ಅದೇ ಪ್ರಶ್ನೆ, ಚಿತ್ರ ಪುಕ್ಕಟೆಯಾದ ಮೇಲೆ ದುಡ್ಡು ಎಲ್ಲಿದೆ?

ನನ್ನ ಉತ್ತರಕ್ಕೆ ಕಾಫಿ ತೋಟದ ಉದಾಹರಣೆ ಕೊಡುತ್ತೇನೆ. ಯುರೋಪಿನ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿತು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಬರಕೂಡದು, ತೋಟ ಎಲ್ಲಿದೆ ಅನ್ನುವ ನಿಖರ ಜಾಗ ಕೊಡಬೇಕು. ಜಾರಿಗೆ ಬರುವುದು ಎರಡು ಸಲ ಮುಂದಕ್ಕೆ ಹೋಗಿದೆ, ಆದರೆ ಬರುವುದಂತೂ ಬರುತ್ತದೆ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನದ್ದು. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುತ್ತದೆ. ಮೇಲೆ ಸಿಲ್ವರ್ ಓಕ್, ಹಲಸು, ಅತ್ತಿ, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ. ಉಪಗ್ರಹಕ್ಕೆ ಕಾಣುವುದು ಮೇಲಿನ ಮರ ಮಾತ್ರ. ಅದರ ಲೆಕ್ಕದಲ್ಲಿ ನಿಮ್ಮ ಅಜ್ಜ ನೆಟ್ಟ ತೋಟವೂ ಕಾಡು. ಮಳೆಗಾಲಕ್ಕೆ ಮೊದಲು ನೆರಳು ತೆಳುವಾಗಲೆಂದು ಮರಗಸಿ ಮಾಡುತ್ತಾರಲ್ಲ, ಆಗ ಕೊಂಬೆ ಕಡಿದದ್ದೂ ಮೇಲಿಂದ ನೋಡಿದರೆ ಕಾಡು ಕಡಿದ ಹಾಗೆ ಕಾಣುವ ಅಪಾಯ ಇದೆ. ನೂರು ವರ್ಷದಿಂದ ಮರ ಉಳಿಸಿಕೊಂಡು ಬಂದ ಬೆಳೆಗಾರರೇ ಕಾಡು ಕಡಿದವರು ಅನ್ನಿಸಿಕೊಳ್ಳಬೇಕಾದೀತು.

ಇದನ್ನು ಬಿಡಿಸುವುದು ಇನ್ನೂ ಸೂಕ್ಷ್ಮವಾದ ಕ್ಯಾಮೆರಾ ಅಲ್ಲ. ಯಾವ ಗುಂಟೆಯಲ್ಲಿ ಮರದ ಕೆಳಗೆ ಕಾಫಿ ಇದೆ ಅಂತ ನಡೆದು ನೋಡಿ ಗುರುತು ಹಾಕಿದ ಹತ್ತು ಸಾವಿರ ಜಾಗಗಳ ಪಟ್ಟಿ. ಅದು ಇದ್ದರೆ ಕಂಪ್ಯೂಟರಿಗೆ ಕಲಿಸಬಹುದು. ಚಿತ್ರ ಅಗ್ಗವಾದಷ್ಟೂ ಈ ನೆಲದ ಸಾಕ್ಷ್ಯ ತುಟ್ಟಿಯಾಗುತ್ತಿದೆ. ಮುಂದಿನ ವ್ಯಾಪಾರ ಇರುವುದು ಅಲ್ಲಿ ಅಂತ ನಾನು ನಂಬಿದ್ದೇನೆ.

ಬೆಂಗಳೂರಿನ ಹೊಸ ಕಂಪನಿಗಳನ್ನು ನೋಡಿದರೆ ನನಗೆ ನಿಜಕ್ಕೂ ಹೆಮ್ಮೆ. ಪಿಕ್ಸೆಲ್ ಅನ್ನುವ ಹೆಸರಿನ ಕಂಪನಿಯನ್ನು 2019ರಲ್ಲಿ ಇಬ್ಬರು ವಿದ್ಯಾರ್ಥಿಗಳು ಶುರು ಮಾಡಿದರು. 2025ರ ಜನವರಿಯಲ್ಲಿ ಅವರ ಮೊದಲ ಮೂರು ಫೈರ್‌ಫ್ಲೈ ಉಪಗ್ರಹಗಳು ಹಾರಿದವು. ಸೆಂಟಿನೆಲ್-2 ಬೆಳಕನ್ನು 13 ಪಟ್ಟಿಗಳಾಗಿ ಬಿಡಿಸಿದರೆ ಇವು 150ಕ್ಕೂ ಹೆಚ್ಚು ಪಟ್ಟಿಗಳಾಗಿ, ಐದು ಮೀಟರಿನಲ್ಲಿ ಬಿಡಿಸುತ್ತವೆ. ಎಲೆಗೆ ಯಾವ ಪೋಷಕಾಂಶ ಕಡಿಮೆ ಅನ್ನುವವರೆಗೂ ಹೋಗುವ ಸಾಧ್ಯತೆ ಅದರಲ್ಲಿದೆ. ಗ್ಯಾಲಾಕ್ಸ್‌ಐ ರೇಡಾರ್ ಮತ್ತು ಕ್ಯಾಮೆರಾ ಎರಡನ್ನೂ ಒಂದೇ ಉಪಗ್ರಹದಲ್ಲಿ ಕೂಡಿಸುವ ಕೆಲಸಕ್ಕೆ ಕೈ ಹಾಕಿದೆ. ಸ್ಯಾಟ್‌ಶ್ಯೂರ್ ಬ್ಯಾಂಕುಗಳಿಗೆ ಹೊಲಗಳ ಮಾಹಿತಿ ಕೊಡುತ್ತದೆ. 2025ರ ಆಗಸ್ಟಿನಲ್ಲಿ ಪಿಕ್ಸೆಲ್ ಮುಂದಾಳತ್ವದಲ್ಲಿ ಸ್ಯಾಟ್‌ಶ್ಯೂರ್, ಹೈದರಾಬಾದಿನ ಧ್ರುವ ಸ್ಪೇಸ್, ಅಹಮದಾಬಾದಿನ ಪಿಯರ್‌ಸೈಟ್ ಸೇರಿದ ಒಕ್ಕೂಟಕ್ಕೆ ಹನ್ನೆರಡು ಉಪಗ್ರಹಗಳ ದೊಡ್ಡ ಯೋಜನೆ ಸಿಕ್ಕಿತು. 1,200 ಕೋಟಿ ರೂಪಾಯಿಗೂ ಹೆಚ್ಚಿನ ಹೂಡಿಕೆ, ಸರ್ಕಾರ ಕೊಡಲು ಸಿದ್ಧವಿದ್ದ ಹಣವನ್ನೂ ಬೇಡ ಅಂದರು. ಧೈರ್ಯ ದೊಡ್ಡದು. ಆದರೆ ಸರ್ಕಾರ ಆ ಹಣದ ಬದಲು ನಿಯತ್ತಿನ ಗಿರಾಕಿಯಾಗಿ ನಿಲ್ಲಬೇಕು, ವರ್ಷ ವರ್ಷ ಇಷ್ಟು ಮಾಹಿತಿ ಕೊಳ್ಳುತ್ತೇನೆ ಅಂತ ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು. ರ‍್ಯಾಪಿಡ್‌ಐಗೆ ಆದದ್ದು ಇವರಿಗೆ ಆಗಬಾರದು.

ಕರ್ನಾಟಕದ ಬಳಿ ಇನ್ನೊಂದು ಆಸ್ತಿ ಇದೆ, ಅದರ ಬೆಲೆ ನಮಗಿನ್ನೂ ತಿಳಿದಿಲ್ಲ. ಪಹಣಿ ಕಂಪ್ಯೂಟರಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರ್ ನೋಡಬಹುದು. ಎಲ್ಲಕ್ಕಿಂತ ಮಿಗಿಲಾಗಿ ಬೆಳೆ ಸಮೀಕ್ಷೆ. ಹಂಗಾಮಿಗೊಮ್ಮೆ ರೈತರು, ಇಲ್ಲವೇ ಆಯಾ ಊರಿನ ಖಾಸಗಿ ನಿವಾಸಿಗಳು, ಅಂದರೆ ಈ ಕೆಲಸಕ್ಕೆ ಗೊತ್ತು ಮಾಡಿದ ಸ್ಥಳೀಯರು, ಹೊಲದಲ್ಲಿ ನಿಂತು ಫೋಟೊ ತೆಗೆದು ಯಾವ ಬೆಳೆ ಅಂತ ದಾಖಲಿಸುತ್ತಾರೆ. ಅದರಲ್ಲಿ ತಪ್ಪುಗಳಿವೆ, ಗೊತ್ತು. ಆದರೂ ಇಷ್ಟು ಹೊಲಗಳ ನೆಲದ ಸಾಕ್ಷ್ಯ ಒಂದೇ ಕಡೆ ಇರುವುದು ಅಪರೂಪ. ರೈತರ ಹೆಸರು, ಖಾತೆಯ ವಿವರ ತೆಗೆದು ಇದನ್ನು ಕೃಷಿ ವಿಶ್ವವಿದ್ಯಾಲಯಗಳಿಗೆ, ಸಣ್ಣ ಕಂಪನಿಗಳಿಗೆ, ಇಲ್ಲಿ ಕೂತಿರುವ ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರೆ ಲ್ಯಾಂಡ್‌ಸ್ಯಾಟ್ 2008ರಲ್ಲಿ ಮಾಡಿದ್ದನ್ನು ನಾವು ರಾಗಿಗೆ, ತೊಗರಿಗೆ, ಕಾಫಿಗೆ ಮಾಡಬಹುದು.

ರೈತರ ಹಕ್ಕಿನ ಮಾತೂ ಇದೆ. ಬೆಳೆ ವಿಮೆಗೆ ಇಳುವರಿ ಲೆಕ್ಕ ಹಾಕುವ ಬೆಳೆ ಕಟಾವು ಪ್ರಯೋಗದಲ್ಲಿ ಬಹುತೇಕ ಬೆಳೆಗಳಿಗೆ ಐದು ಮೀಟರಿಗೆ ಐದು ಮೀಟರ್, ಅಂದರೆ ಕಾಲು ಗುಂಟೆ ಅಳೆದು, ಅದರ ಇಳುವರಿ ತೂಗಿ ಊರಿನ ಲೆಕ್ಕ ಹೇಳುತ್ತಾರೆ. ಅಲ್ಲಿ ಹಗ್ಗ ಹಿಡಿಯುವಾಗ ರೈತ ಪಕ್ಕದಲ್ಲಿ ನಿಂತು ನೋಡುತ್ತಾನೆ, ಜಗಳವಾಡುತ್ತಾನೆ. 2023ರಿಂದ ಭತ್ತ ಮತ್ತು ಗೋಧಿಯ ವಿಮೆ ಲೆಕ್ಕದಲ್ಲಿ ಉಪಗ್ರಹದ ಅಂದಾಜಿಗೆ ನೂರಕ್ಕೆ 30 ಪಾಲು ತೂಕ ಕೊಡುವ ವ್ಯವಸ್ಥೆ ಬಂದಿದೆ. ಬ್ಯಾಂಕುಗಳು ಸಾಲ ಕೊಡುವ ಮೊದಲು ಹೊಲದ ಹಳೆಯ ಚಿತ್ರ ನೋಡುವುದು ಶುರುವಾಗಿದೆ. ಆ ಹಗ್ಗದ ಪಕ್ಕ ಈಗ ರೈತ ಎಲ್ಲಿ ನಿಲ್ಲಬೇಕು? ತನ್ನ ಹೊಲದ ಬಗ್ಗೆ ಆಕಾಶದಿಂದ ಏನು ಬರೆದಿದ್ದಾರೆ ಅಂತ ಕನ್ನಡದಲ್ಲಿ ಓದಿ, ಇದು ತಪ್ಪು ಅಂತ ಹೇಳುವ ಒಂದು ಜಾಗ ಅವನಿಗೆ ಬೇಕು. ಅಂಥ ವ್ಯವಸ್ಥೆ ಮೊದಲು ಕಟ್ಟಿದ ಕಂಪನಿಯ ನಕ್ಷೆಯೇ ಎಲ್ಲರಿಗಿಂತ ನಿಖರವಾಗುತ್ತದೆ, ಯಾಕೆಂದರೆ ತಿದ್ದುವವರು ಲಕ್ಷಾಂತರ ಜನ ಇರುತ್ತಾರೆ.

ನಾಗಮಂಗಲದ ಆ ಯಜಮಾನರಿಗೆ ಅವತ್ತು ನನ್ನ ಫೋನಿನಲ್ಲಿ ಅವರ ಹೊಲ ತೋರಿಸಿದೆ. ಎರಡು ನಿಮಿಷ ಸುಮ್ಮನೆ ನೋಡಿದರು. ಆಮೇಲೆ ಹೊಲದ ಮೂಲೆಯ ಒಂದು ಕಡು ಚುಕ್ಕಿಯ ಮೇಲೆ ಬೆರಳಿಟ್ಟು, "ಇದು ನಮ್ಮ ಹುಣಸೆ ಮರ ಅಲ್ವಾ?" ಅಂದರು. ಹೌದು, ಅದೇ. ಅದರ ಪಕ್ಕದ ಎರಡು ಚುಕ್ಕಿ ತೋರಿಸಿ, ಅಲ್ಲಿ ಕೆಳಗೆ ಬಂಡೆ ಇದೆ, ಯಾವ ವರ್ಷವೂ ಪೈರು ಏಳುವುದಿಲ್ಲ ಅಂದರು. ನಾವು ಆ ಎರಡು ಗುಂಟೆಯನ್ನು ಸರಿಯಾಗಿ ಲೆಕ್ಕ ಮಾಡಿಲ್ಲ ಅಂತ ಮೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆವು.

ಕೊನೆಯಲ್ಲಿ ಒಬ್ಬ ಹುಡುಗಿ ಕೇಳಿದಳು, ಈ ಕ್ಷೇತ್ರಕ್ಕೆ ಬರಬೇಕೆಂದರೆ ಎಲ್ಲಿಂದ ಶುರು ಮಾಡಲಿ ಅಂತ. ಅವಳಿಗೆ ಹೇಳಿದ್ದನ್ನೇ ಎಲ್ಲರಿಗೂ ಹೇಳುತ್ತೇನೆ. ಇಸ್ರೊದ ಭೂನಿಧಿ ತಾಣದಿಂದಲೋ ಯುರೋಪಿನ ಕೊಪರ್ನಿಕಸ್ ತಾಣದಿಂದಲೋ ನಿಮ್ಮ ಊರಿನ ಚಿತ್ರ ಇಳಿಸಿಕೊಳ್ಳಿ. ಒಂದೇ ಒಂದು ಸರ್ವೆ ನಂಬರ್ ಆರಿಸಿಕೊಳ್ಳಿ. ಬಿತ್ತನೆ ಹೊತ್ತಿಗೆ ಒಂದು ಸಲ, ಹೂವು ಬಿಟ್ಟಾಗ ಒಂದು ಸಲ, ಕಟಾವಿಗೆ ಒಂದು ಸಲ ಅಲ್ಲಿಗೆ ಹೋಗಿ. ಯಾವ ಗುಂಟೆಯಲ್ಲಿ ಏನಿದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೊಲದವರನ್ನು ಕೇಳಿಕೊಂಡು ಬರೆಯಿರಿ. ವರ್ಷ ಕಳೆದ ಮೇಲೆ ಆ ನೋಟ್‌ಬುಕ್ ಹಿಡಿದುಕೊಂಡು ನನ್ನ ಹತ್ತಿರ ಬನ್ನಿ, ಕೂತು ಚಿತ್ರದ ಜೊತೆ ಹೊಂದಿಸಿ ನೋಡೋಣ.